ಆದೋನಿ ಬಸ್ಸು ಹತ್ತಿದವರು

2025ರ ಜುಲೈನಲ್ಲಿ ಗೋಕರ್ಣದ ರಾಮತೀರ್ಥ ಗುಡ್ಡದ ಗುಹೆಯೊಂದರಲ್ಲಿ ರಷ್ಯಾದ ಹೆಂಗಸೊಬ್ಬಳು ತನ್ನ ಇಬ್ಬರು ಪುಟ್ಟ ಹೆಣ್ಣುಮಕ್ಕಳ ಜೊತೆ ಸಿಕ್ಕ ಸುದ್ದಿ ನಿಮಗೆ ನೆನಪಿರಬಹುದು. ಗುಡ್ಡ ಕುಸಿಯುವ ಕಾಲ ಎಂದು ಗಸ್ತಿಗೆ ಹೋಗಿದ್ದ ಪೊಲೀಸರ ಕಣ್ಣಿಗೆ ಅವರು ಬಿದ್ದರು. ಟಿವಿಯವರಿಗೆ ಒಂದು ವಾರಕ್ಕೆ ಸಾಕಾಗುವಷ್ಟು ಸರಕು: ಗುಹೆ, ಹಾವು, ಧ್ಯಾನ, ಎಂಟು ವರ್ಷದ ಹಿಂದೆ ಮುಗಿದ ವೀಸಾ. ಆ ಗದ್ದಲದ ಬಾಲದಲ್ಲಿ ಇನ್ನೊಂದು ಸುದ್ದಿ ಬಂತು. ಮಕ್ಕಳ ತಂದೆ ಇಸ್ರೇಲಿನವನು, ಅವರು ಎಲ್ಲಿದ್ದಾರೆಂದು ತಿಳಿಯದೆ ಗೋವಾದಲ್ಲಿ ಪೊಲೀಸರಿಗೆ ದೂರು ಕೊಟ್ಟಿದ್ದನಂತೆ. ಮಕ್ಕಳನ್ನು ದೇಶದಾಚೆ ಕಳಿಸಬೇಡಿ, ನನಗೂ ಅವರ ಮೇಲೆ ಹಕ್ಕಿದೆ ಎಂದು ಆತ ಹೈಕೋರ್ಟಿಗೆ ಹೋದ. ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ತಾಯಿ ಮಕ್ಕಳು ರಷ್ಯಾಕ್ಕೆ ಮರಳಲು ಅನುಮತಿ ಕೊಟ್ಟಿತು.

ಈ ಸುದ್ದಿಯನ್ನು ನಾನು ಬಳ್ಳಾರಿಯಲ್ಲಿ ನಮ್ಮ ಸಣ್ಣಮ್ಮನ ಮನೆಯಲ್ಲಿ ಕೂತು ನೋಡಿದೆ. ಆಕೆ ಗುಹೆಯ ಬಗ್ಗೆ ಕೇಳಲಿಲ್ಲ, ಹಾವಿನ ಬಗ್ಗೆಯೂ ಕೇಳಲಿಲ್ಲ. ಕೇಳಿದ್ದು ಒಂದೇ ಮಾತು. "ಅವ್ರಪ್ಪ ಎಷ್ಟು ದಿನ ಹುಡುಕ್ಯಾನ?"

ಸಣ್ಣಮ್ಮ ನನ್ನ ಅಮ್ಮನ ತಂಗಿ. ತವರು ಕುರುಗೋಡು, ಕೊಟ್ಟಿದ್ದು ಸಿರುಗುಪ್ಪಕ್ಕೆ. ಬಳ್ಳಾರಿಯಿಂದ ಕುರುಗೋಡಿಗೆ 30 ಕಿಲೋಮೀಟರೂ ಆಗುವುದಿಲ್ಲ, ಸಿರುಗುಪ್ಪಕ್ಕೆ 50 ಚಿಲ್ಲರೆ. ಆಕೆಯ ಇಡೀ ಬದುಕು ಈ ಮೂರು ಊರುಗಳ ನಡುವಿನ ಬಸ್ಸುಗಳಲ್ಲೇ ಕಳೆದಿದೆ. ಮದುವೆಯಾದದ್ದು 1987ರಲ್ಲಿ. ಗಂಡ ಅಕ್ಕಿ ಮಿಲ್ಲೊಂದರಲ್ಲಿ ಗುಮಾಸ್ತ. ತುಂಗಭದ್ರಾ ಕಾಲುವೆ ಬಂದ ಮೇಲೆ ಸಿರುಗುಪ್ಪ ಭತ್ತದ ಊರಾಯಿತು, ಭತ್ತ ಬಂದ ಮೇಲೆ ಮಿಲ್ಲುಗಳು ಬಂದವು. ಸುಗ್ಗಿಯಲ್ಲಿ ಅವರ ಮನೆಗೆ ಹೋದರೆ ಕಿಟಕಿಯ ಸರಳ ಮೇಲೆಲ್ಲ ತೌಡಿನ ಧೂಳು ಕೂತಿರುತ್ತಿದ್ದದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. 1989ರಲ್ಲಿ ಮಗಳು ಹುಟ್ಟಿದಳು, 1992ರಲ್ಲಿ ಮಗ.

ಜಗಳ ಯಾಕೆ ಶುರುವಾಯಿತು ಎಂಬುದಕ್ಕೆ ನಮ್ಮ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಕತೆ. ಆತ ಕೈ ಮಾಡುತ್ತಿದ್ದ ಎಂಬುದು ಎಲ್ಲ ಕತೆಗಳಲ್ಲೂ ಇದೆ. 1995ರಲ್ಲಿ ಸಣ್ಣಮ್ಮ ಎರಡೂ ಮಕ್ಕಳನ್ನು ಕರೆದುಕೊಂಡು ಕುರುಗೋಡಿಗೆ ಬಂದಳು. ನಮ್ಮ ತಾತ ಹಠದ ಮನುಷ್ಯ. ಹಿರಿಯರು ಕೂತು ಮಾತಾಡಿ ಮುಗಿಸಬಹುದಾಗಿದ್ದ ಮಾತನ್ನು ಅವರು ಕೇಸಿನವರೆಗೆ ಒಯ್ದರು ಎಂದು ಅಮ್ಮ ಈಗಲೂ ಹೇಳುತ್ತಾಳೆ. ಹೊಡೆಯುವವನ ಜೊತೆ ಏನು ಕೂತು ಮಾತಾಡುವುದು ಎಂದು ನನಗನ್ನಿಸುತ್ತದೆ. ಆದರೆ ಮುಂದಾದದ್ದನ್ನು ನೋಡಿದರೆ ಅಮ್ಮನ ಮಾತನ್ನು ತಳ್ಳಿಹಾಕಲೂ ಆಗುವುದಿಲ್ಲ. 498ಎ ಹಾಕಿಸಿದರು. ಆತ ಎರಡು ದಿನ ಒಳಗಿದ್ದು ಬಂದ. ಬಂದವನೇ ಮಕ್ಕಳು ತನಗೆ ಬೇಕೆಂದು ಬಳ್ಳಾರಿ ಕೋರ್ಟಿನಲ್ಲಿ ಅರ್ಜಿ ಹಾಕಿದ. ಒಂದು ಕೇಸು ಎರಡಾಯಿತು, ಎರಡು ನಾಲ್ಕಾಯಿತು. ಕೋರ್ಟಿನ ಪಡಸಾಲೆಯಲ್ಲಿ ಒಂದು ದಿನ ಆತ ಎಲ್ಲರಿಗೂ ಕೇಳುವಂತೆ ತಾತನಿಗೆ ಹೇಳಿದನಂತೆ: "ಮಕ್ಳು ನಿನ್ ಮಗಳ ಕಣ್ಣಿಗೆ ಬೀಳದಂಗ ಮಾಡ್ತೀನಿ, ನೋಡ್ತಿರು." ಸಿಟ್ಟಿನಲ್ಲಿ ಗಂಡಸರು ಆಡುವ ಮಾತು ಎಂದು ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಮಧ್ಯಂತರ ಆದೇಶ ಬಂತು. ಮಕ್ಕಳು ತಾಯಿಯ ಹತ್ತಿರ ಇರಬೇಕು, ತಂದೆ ಭಾನುವಾರ ನೋಡಬಹುದು, ದಸರಾ ಮತ್ತು ಬೇಸಿಗೆ ರಜೆಯಲ್ಲಿ ಕೆಲವು ದಿನ ಕರೆದುಕೊಂಡು ಹೋಗಬಹುದು. 1996ರ ದಸರಾಕ್ಕೆ ಆತ ಬಂದು ಕರೆದುಕೊಂಡು ಹೋದ. ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ರಜೆ ಮುಗಿಯಿತು. ಎರಡು ದಿನ ನೋಡಿ ಮಾಮ ಸಿರುಗುಪ್ಪಕ್ಕೆ ಹೋದರು. ಮನೆಗೆ ಬೀಗ. ಪಕ್ಕದ ಮನೆಯವರು ಹೇಳಿದರು: ಹಬ್ಬದ ಮರುದಿನ ನಸುಕಿನಲ್ಲೇ ಆತ, ಆತನ ತಾಯಿ, ಎರಡು ಮಕ್ಕಳು ಆದೋನಿ ಬಸ್ಸು ಹತ್ತಿದರು, ಮಂತ್ರಾಲಯಕ್ಕೆ ಹೋಗಿ ಬರುತ್ತೇವೆ ಎಂದರು. ಮಿಲ್ಲಿಗೆ ಹೋಗಿ ಕೇಳಿದರೆ ಆತ ಹದಿನೈದು ದಿನದ ಹಿಂದೆಯೇ ಲೆಕ್ಕ ಚುಕ್ತಾ ಮಾಡಿಸಿಕೊಂಡಿದ್ದ. ಗಾಡಿ ಮಾರಿದ್ದ. ಎಮ್ಮೆ ಮಾರಿದ್ದ. ಗ್ಯಾಸಿನ ಸಿಲಿಂಡರನ್ನೂ ಯಾರಿಗೋ ಕೊಟ್ಟುಬಿಟ್ಟಿದ್ದ.

ನಮ್ಮ ಕಡೆಯ ಭೂಗೋಳ ಗೊತ್ತಿಲ್ಲದವರಿಗೆ ಆದೋನಿ ಬಸ್ಸು ಅಂದರೆ ಏನೆಂದು ಹೇಳಬೇಕು. ಸಿರುಗುಪ್ಪ ದಾಟಿದರೆ ಸ್ವಲ್ಪ ದೂರದಲ್ಲೇ ಆಂಧ್ರ. ಪೊಲೀಸ್ ಠಾಣೆ ಬದಲಾಗುತ್ತದೆ, ಜಿಲ್ಲೆ ಬದಲಾಗುತ್ತದೆ, ರಾಜ್ಯವೂ ಬದಲಾಗುತ್ತದೆ. ಭಾಷೆ ಮಾತ್ರ ಬದಲಾಗುವುದಿಲ್ಲ, ಈ ಕಡೆಯವರಿಗೂ ತೆಲುಗು ಬರುತ್ತದೆ, ಆ ಕಡೆಯವರಿಗೂ ಕನ್ನಡ ಬರುತ್ತದೆ. ಆದೋನಿಯಲ್ಲಿ ರೈಲು ನಿಲ್ದಾಣವಿದೆ, ಅದು ಮುಂಬೈ ಮದರಾಸು ಹಾದಿ. ಅಲ್ಲಿ ನಿಂತವನಿಗೆ ಉತ್ತರಕ್ಕೆ ರಾಯಚೂರು, ಸೊಲ್ಲಾಪುರ, ಪುಣೆ, ಮುಂಬೈ. ದಕ್ಷಿಣಕ್ಕೆ ಗುಂತಕಲ್, ಅಲ್ಲಿಂದ ಎತ್ತ ಬೇಕಾದರೂ ಗಾಡಿ. ಒಂದು ಬಸ್ ಟಿಕೆಟ್ಟಿನ ದುಡ್ಡಿನಲ್ಲಿ ಮನುಷ್ಯ ಇಡೀ ದೇಶದೊಳಗೆ ಕರಗಿಹೋಗಬಹುದು.

ತಾತ ಠಾಣೆಯೊಂದಕ್ಕೆ ಹೋದರು. ಅಲ್ಲಿ ಸಿಕ್ಕ ಉತ್ತರವನ್ನು ನಮ್ಮ ಮನೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದಾರೆ: "ಅಪ್ಪನ ಸಂಗಡ ಹೋಗ್ಯಾವ ಮಕ್ಳು. ಇದ್ರಾಗ ಕಿಡ್ನ್ಯಾಪ್ ಎಲ್ಲಿ ಬಂತ್ರಿ ಯಜಮಾನ್ರ?"

ಬಹಳ ವರ್ಷ ನಾನು ಇದನ್ನು ಒಬ್ಬ ಸೋಮಾರಿ ಅಧಿಕಾರಿಯ ಮಾತು ಎಂದುಕೊಂಡಿದ್ದೆ. ಆಮೇಲೆ ಕಾನೂನಿನ ಪುಸ್ತಕ ತೆಗೆದು ನೋಡಿದರೆ ಆ ಮಾತಿನ ಬೇರು ಅಲ್ಲೇ ಇತ್ತು. 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ ಪ್ರಕಾರ ಮಕ್ಕಳ ಸ್ವಾಭಾವಿಕ ಪಾಲಕ ತಂದೆ, ಆತನ ನಂತರ ತಾಯಿ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದು ಅದೇ ಕಲಮಿನಲ್ಲಿ ಒಂದು ಸಾಲಿದೆ, ಅಷ್ಟೇ. ಈ 'ನಂತರ' ಎಂಬ ಪದಕ್ಕೆ ತಂದೆ ಸತ್ತ ಮೇಲೆ ಎಂಬ ಅರ್ಥ ಮಾತ್ರವಲ್ಲ, ಆತ ಇದ್ದೂ ಇಲ್ಲದಂತಿದ್ದರೂ ತಾಯಿಯೇ ಪಾಲಕಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1999ರಲ್ಲಿ, ಲೇಖಕಿ ಗೀತಾ ಹರಿಹರನ್ ಅವರು ರಿಸರ್ವ್ ಬ್ಯಾಂಕಿನ ವಿರುದ್ಧ ಹೋರಾಡಿದ ಪ್ರಕರಣದಲ್ಲಿ. ಸಣ್ಣಮ್ಮನ ಮಕ್ಕಳು ಹೋಗಿ ಆಗಲೇ ಮೂರನೇ ವರ್ಷ. ಇನ್ನು ಅಪಹರಣದ ಕಲಮು. ಮಗುವನ್ನು ಅದರ ಕಾನೂನುಬದ್ಧ ಪಾಲಕರಿಂದ ಒಯ್ದರೆ ಅಪಹರಣ. ಒಯ್ದವನೇ ಪಾಲಕನಾಗಿದ್ದರೆ? 2023ರಲ್ಲಿಯೂ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಹೇಳಿದ್ದು ಇದನ್ನೇ: ಕೋರ್ಟಿನ ನಿಷೇಧ ಇಲ್ಲದಿರುವಾಗ ತಂದೆ ತನ್ನ ಮಗುವನ್ನು ತಾಯಿಯಿಂದ ಒಯ್ದರೆ ಅದು ಅಪಹರಣವಲ್ಲ.

ಸಣ್ಣಮ್ಮನ ಕೈಯಲ್ಲಿ ಕೋರ್ಟಿನ ಆದೇಶ ಇತ್ತಲ್ಲ ಎಂದು ನೀವು ಕೇಳಬಹುದು. ಇತ್ತು. ಹಾಗಾಗಿ ಕೇಸು ನಿಲ್ಲಬಹುದಿತ್ತು. ಆದರೆ ಆ ಆದೇಶ ಇಂಗ್ಲಿಷಿನಲ್ಲಿತ್ತು, ನಾಲ್ಕು ಪುಟವಿತ್ತು, ತಾತನ ಜುಬ್ಬದ ಜೇಬಿನಲ್ಲಿ ಮಡಿಸಿ ಮಡಿಸಿ ಮಾಸಿತ್ತು. ಮೇಜಿನ ಆಚೆ ಕೂತವರು ಅದನ್ನು ಓದಲಿಲ್ಲ. "ಸಿವಿಲ್ ಮ್ಯಾಟರ್" ಎಂದು ಹಿಂದಿರುಗಿಸಿದರು. ಕಾಣೆಯಾದ ಪ್ರತಿ ಮಗುವಿಗೂ ಎಫ್‌ಐಆರ್ ಆಗಲೇಬೇಕು, ಮೊದಲು ಅಪಹರಣವೆಂದೇ ಎಣಿಸಿ ಹುಡುಕಬೇಕು ಎಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2013ರ ಮೇ ತಿಂಗಳಲ್ಲಿ. ಅಷ್ಟೊತ್ತಿಗೆ ನಮ್ಮ ಹುಡುಗಿಗೆ ಇಪ್ಪತ್ನಾಲ್ಕು ವರ್ಷ.

ಪೇಪರಿನಲ್ಲಿ 'ಕಾಣೆಯಾಗಿದ್ದಾರೆ' ಎಂದು ಹಾಕಿಸಿದ್ದೆವು, ಫೋಟೋ ಸಮೇತ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವುದರಿಂದಲೋ ಏನೋ ಈ ಕ್ರಿಯಾಪದ ನನ್ನನ್ನು ಕಾಡುತ್ತದೆ. ಕಾಣೆಯಾಗು. ಮಳೆಯಾಗು, ರಾತ್ರಿಯಾಗು ಎನ್ನುವ ಹಾಗೆ ಅದು ತಾನೇ ಆಗುವಂಥದ್ದು, ಮಾಡಿದವನು ಅದರಲ್ಲಿಲ್ಲ. ಎಮ್ಮೆ ಮಾರಿ, ಲೆಕ್ಕ ಚುಕ್ತಾ ಮಾಡಿಸಿಕೊಂಡು, ಹಬ್ಬದ ಮರುದಿನವನ್ನು ಆರಿಸಿಕೊಂಡು ಹೋದವನಿಗೆ ಈ ಪದ ಒಪ್ಪುವುದಿಲ್ಲ. ಮಕ್ಕಳಿಗಂತೂ ಒಪ್ಪುವುದೇ ಇಲ್ಲ. ಅವು ಅಪ್ಪನ ಕೈ ಹಿಡಿದು ಬಸ್ಸು ಹತ್ತಿದವು. ಅವುಗಳ ಲೆಕ್ಕದಲ್ಲಿ ಅವು ಒಂದು ದಿನವೂ ಕಾಣೆಯಾಗಿರಲಿಲ್ಲ.

ಕೋರ್ಟಿನಲ್ಲಿ ಕೇಸು ನಡೆಯಿತು. ನೋಟಿಸು ಹೋಗುವುದು, 'ಮನೆಗೆ ಬೀಗ' ಎಂಬ ಷರಾ ಹೊತ್ತು ಬರುವುದು. ಪೇಪರಿನಲ್ಲಿ ಪ್ರಕಟಣೆ. ಆತನ ಪರ ವಕೀಲರು ಕಕ್ಷಿದಾರರು ಸಂಪರ್ಕದಲ್ಲಿಲ್ಲ ಎಂದು ಕೈಬಿಟ್ಟರು. 1998ರಲ್ಲಿ ಏಕಪಕ್ಷೀಯವಾಗಿ ಆದೇಶವಾಯಿತು: ಇಬ್ಬರು ಮಕ್ಕಳ ಸುಪರ್ದಿ ತಾಯಿಗೆ. ಸಣ್ಣಮ್ಮ ಕೇಸು ಗೆದ್ದಳು. ಕೋರ್ಟು ಮಕ್ಕಳನ್ನು ಅವಳಿಗೆ ಕೊಟ್ಟಿತು. ಕೊಡಲು ಮಕ್ಕಳಿರಲಿಲ್ಲ.

ಉಳಿದದ್ದು ಹೇಬಿಯಸ್ ಕಾರ್ಪಸ್. ಧಾರವಾಡದಲ್ಲಿ ಹೈಕೋರ್ಟಿನ ಪೀಠ ಶುರುವಾದದ್ದು 2008ರಲ್ಲಿ. 1999ರಲ್ಲಿ ಬಳ್ಳಾರಿಯವರು ಬೆಂಗಳೂರಿಗೇ ಹೋಗಬೇಕು. ತಾತ ಮತ್ತು ಮಾಮ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹೊರಟು ಬೆಳಗ್ಗೆ ಇಳಿದು, ನಿಲ್ದಾಣದಲ್ಲೇ ಮುಖ ತೊಳೆದು ಹೋಗುತ್ತಿದ್ದರು. ಆರು ಸಲ ಹೋದರು. ಪತ್ತೆಯಾಗಿಲ್ಲ ಎಂದು ವರದಿ ಬಂತು, ಪತ್ತೆ ಕಾರ್ಯ ಮುಂದುವರಿಯಲಿ ಎಂಬ ಮಾತಿನೊಂದಿಗೆ ಅರ್ಜಿ ಮುಗಿಯಿತು. ಏಳನೆಯ ಸಲಕ್ಕೆ ಕಾರಣ ಉಳಿಯಲಿಲ್ಲ.

ನಮ್ಮ ಕೇಸು ನಡೆಸಿದ ಹಿರಿಯ ವಕೀಲರೊಬ್ಬರು ಬಳ್ಳಾರಿಯಲ್ಲಿದ್ದರು, ಈಗಿಲ್ಲ. ಅವರು ತಾತನನ್ನು ಸಮಾಧಾನಪಡಿಸಲು ಹೇಳುತ್ತಿದ್ದ ಒಂದು ಕತೆಯನ್ನು ನಾನು ಆಮೇಲೆ ಓದಿ ಖಚಿತ ಮಾಡಿಕೊಂಡೆ. 1953ರ ತನಕ ಬಳ್ಳಾರಿ ಮದರಾಸಿಗೆ ಸೇರಿತ್ತಲ್ಲ, ಹಳೇ ವಕೀಲರಿಗೆ ಮದರಾಸು ಹೈಕೋರ್ಟಿನ ಕತೆಗಳೆಂದರೆ ಮನೆಯ ಕತೆಗಳಿದ್ದ ಹಾಗೆ. ಮದನಪಲ್ಲಿಯ ನಾರಾಯಣಯ್ಯ ಎಂಬ ನಿವೃತ್ತ ಸರ್ಕಾರಿ ನೌಕರರು ತಮ್ಮ ಇಬ್ಬರು ಗಂಡುಮಕ್ಕಳ ಪಾಲಕತ್ವವನ್ನು 1910ರಲ್ಲಿ ಆನಿ ಬೆಸೆಂಟ್ ಅವರಿಗೆ ಬರೆದುಕೊಟ್ಟರು. ಆಮೇಲೆ ಮನಸ್ಸು ಬದಲಾಗಿ ಮಕ್ಕಳನ್ನು ವಾಪಸು ಕೇಳಿದರು. ಹಿರಿಯ ಹುಡುಗ ಮುಂದೆ ಜಿಡ್ಡು ಕೃಷ್ಣಮೂರ್ತಿ ಎಂದು ಹೆಸರಾದವರು. 1913ರಲ್ಲಿ ಮದರಾಸು ಹೈಕೋರ್ಟು ತಂದೆಯ ಪರ ತೀರ್ಪು ಕೊಟ್ಟಿತು. ಆದರೆ ಹುಡುಗರು ಇದ್ದದ್ದು ಇಂಗ್ಲೆಂಡಿನಲ್ಲಿ. ಆದೇಶ ಇಲ್ಲಿ, ಮಕ್ಕಳು ಅಲ್ಲಿ. ಮರುವರ್ಷ ಲಂಡನ್ನಿನ ಪ್ರಿವಿ ಕೌನ್ಸಿಲ್ ತೀರ್ಪನ್ನೇ ತಿರುಗಿಸಿತು. ಅದು ಎತ್ತಿದ ತಕರಾರುಗಳಲ್ಲಿ ಒಂದು, ಆ ಹುಡುಗರ ಮಾತನ್ನು ಯಾರೂ ಕೇಳಿಯೇ ಇಲ್ಲವಲ್ಲ ಎಂಬುದು.

ವಕೀಲರು ಕತೆಯನ್ನು ಇಲ್ಲಿಗೆ ನಿಲ್ಲಿಸುತ್ತಿದ್ದರು. ಓದಿದಾಗ ನನಗೆ ಸಿಕ್ಕ ಇನ್ನೊಂದು ತುಂಡು ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದಿದೆ. ಅದೇ ಆನಿ ಬೆಸೆಂಟ್ ತಮ್ಮ ಸ್ವಂತ ಮಗಳನ್ನು 1878ರಲ್ಲಿ ಕೋರ್ಟಿನಲ್ಲಿ ಕಳೆದುಕೊಂಡಿದ್ದರು. ಸಂತಾನ ನಿಯಂತ್ರಣದ ಪುಸ್ತಕ ಅಚ್ಚು ಹಾಕಿಸಿದವಳು, ದೇವರನ್ನು ನಂಬದವಳು, ಇಂಥವಳ ಬಳಿ ಹೆಣ್ಣುಮಗು ಬೆಳೆಯಬಾರದು ಎಂದು ಪಾದ್ರಿ ಗಂಡನಿಗೆ ಕೊಟ್ಟರು. ದೊಡ್ಡವರಾದ ಮೇಲೆ ಮಗ, ಮಗಳು ಇಬ್ಬರೂ ತಾವಾಗಿಯೇ ತಾಯಿಯ ಬಳಿ ಬಂದರು. ಇದನ್ನು ಸಣ್ಣಮ್ಮನಿಗೆ ಹೇಳಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ಹೇಳಲಿಲ್ಲ. ಹೇಳದೆಯೇ ಆಕೆ ಆ ಲೆಕ್ಕದಲ್ಲಿದ್ದಳು. 2007ರಲ್ಲಿ ಮಗಳಿಗೆ ಹದಿನೆಂಟು ತುಂಬಿದ ವರ್ಷ ಆಕೆ ಬಳ್ಳಾರಿಯ ಮನೆಗೆ ಹೊಸದಾಗಿ ಸುಣ್ಣ ಹೊಡೆಸಿದಳು. 2010ರಲ್ಲಿ ಮಗನಿಗೆ ಹದಿನೆಂಟಾದಾಗ ಒಂದು ಮಂಚ ಕೊಂಡಳು.

ಈ ನಡುವೆ ಏಳು ವರ್ಷದ ಮಾತೂ ಬಂದು ಹೋಗಿತ್ತು. ಒಬ್ಬ ಮನುಷ್ಯನ ಬಗ್ಗೆ, ಆತ ಬದುಕಿದ್ದರೆ ಸಹಜವಾಗಿ ಯಾರಿಗೆ ಸುದ್ದಿ ಸಿಗಬೇಕಿತ್ತೋ ಅಂಥವರಿಗೆ ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ, ಬದುಕಿದ್ದಾನೆ ಎನ್ನುವವರೇ ಅದನ್ನು ಸಾಬೀತು ಮಾಡಬೇಕು. ಸಾಕ್ಷ್ಯ ಕಾಯ್ದೆಯ 108ನೇ ಕಲಮು ಹೇಳುತ್ತಿದ್ದದ್ದು ಇದು, ಹೊಸ ಕಾಯ್ದೆಯಲ್ಲೂ ಹಾಗೇ ಉಳಿದಿದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ವಿಚ್ಛೇದನಕ್ಕೂ ಇದೊಂದು ಆಧಾರ. 2003ರ ಕೊನೆಗೆ ಮಾಮ ಕೇಳಿದರು: ಗಂಡನಿಂದಲಾದರೂ ಬಿಡುಗಡೆ ತಗೋ, ನಿನಗಿನ್ನೂ ವಯಸ್ಸಿದೆ. ಆಕೆ ಒಪ್ಪಲಿಲ್ಲ. ಹಟ ಎಂದರು ಎಲ್ಲರೂ. ನನಗೆ ಹಾಗನ್ನಿಸುವುದಿಲ್ಲ. ಆ ಕಲಮು ಒಂದು ನಂಬಿಕೆಯ ಮೇಲೆ ನಿಂತಿದೆ: ಬದುಕಿದ್ದವರು ತಮ್ಮವರಿಗೆ ಒಂದು ಕಾಗದವನ್ನಾದರೂ ಹಾಕುತ್ತಾರೆ ಎಂದು. ಇಲ್ಲಿ ಹೋದದ್ದೇ ಆಕೆಗೆ ಸುದ್ದಿ ಸಿಗಬಾರದು ಎಂದು. ಬೇರೆಯವರ ವಿಷಯದಲ್ಲಿ ಮೌನ ಸಾವಿನ ಗುರುತು ಇದ್ದೀತು, ಇವರ ವಿಷಯದಲ್ಲಿ ಮೌನ ಅಂದರೆ ಆತನ ಕೆಲಸ ಚೆನ್ನಾಗಿ ಸಾಗುತ್ತಿದೆ ಎಂದಷ್ಟೇ ಅರ್ಥ. ಸಣ್ಣಮ್ಮ ಇದನ್ನು ಒಂದೇ ಮಾತಿನಲ್ಲಿ ಹೇಳಿದಳು. "ಸತ್ತಿದ್ರ ಸುದ್ದಿ ಬರ್ತಿತ್ತು. ಬದುಕ್ಯಾವ, ಅದ್ಕ ಬಂದಿಲ್ಲ."

ಹಾಗೆಂದು ಎಲ್ಲ ತಾಯಂದಿರೂ ಹೀಗೇ ಇರಬೇಕೆಂದಿಲ್ಲ. ಅಮೆರಿಕದ ಮಿಷಿಗನ್ ರಾಜ್ಯದ ಮೊರೆನ್ಸಿ ಎಂಬ ಸಣ್ಣ ಊರಿನಲ್ಲಿ 2010ರ ನವೆಂಬರ್ ಕೊನೆಗೆ, ಅವರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ, ತಂದೆಯ ಮನೆಗೆ ಹೋಗಿದ್ದ ಮೂವರು ಅಣ್ಣತಮ್ಮಂದಿರು ಇಲ್ಲವಾದರು. ಒಂಬತ್ತು, ಏಳು, ಐದು ವರ್ಷ. ಅಲ್ಲೂ ಹಬ್ಬ, ಅಲ್ಲೂ ಮಕ್ಕಳ ಸುಪರ್ದಿಯ ಜಗಳ. ಮಕ್ಕಳನ್ನು ಕಾಪಾಡುವ ಗುಪ್ತ ತಂಡವೊಂದಕ್ಕೆ ಒಪ್ಪಿಸಿದೆ ಎಂದು ತಂದೆ ಹೇಳಿದ. ಅಂಥ ತಂಡ ಪೊಲೀಸರಿಗೆ ಸಿಗಲಿಲ್ಲ, ಮಕ್ಕಳೂ ಸಿಗಲಿಲ್ಲ. ಮಕ್ಕಳನ್ನು ಅಕ್ರಮವಾಗಿ ಬಂಧನದಲ್ಲಿಟ್ಟ ಅಪರಾಧಕ್ಕೆ ಆತ ಜೈಲಿಗೆ ಹೋದ. 2025ರ ಮಾರ್ಚಿನಲ್ಲಿ, ತಾಯಿಯೇ ಕೇಳಿಕೊಂಡ ಮೇಲೆ, ನ್ಯಾಯಾಧೀಶರು ಮೂವರೂ ಸತ್ತಿದ್ದಾರೆಂದು ಘೋಷಿಸಿದರು. ಆತ ಬಿಡುಗಡೆಯಾಗುವ ಹೊತ್ತಿಗೆ ಸರಿಯಾಗಿ ಅದೇ ನವೆಂಬರಿನಲ್ಲಿ ಕೊಲೆ ಆರೋಪ ಹೊರಿಸಿದರು. ಆ ತಾಯಿ ಮಕ್ಕಳ ಸಾವನ್ನು ಕೋರ್ಟಿನಲ್ಲಿ ಕೇಳಿ ಪಡೆಯಬೇಕಾಯಿತು. ಆಕೆಗೆ ಸಿಕ್ಕ ಸಮಾಧಾನ ಎಂಥದ್ದು ಎಂದು ಊಹಿಸಲು ನನಗೆ ಧೈರ್ಯವಿಲ್ಲ. ತುಂಗಭದ್ರೆಯ ಸೇತುವೆ ದಾಟುವಾಗ ನಮ್ಮ ಮನೆಯವರು ಯಾರೂ ನೀರು ನೋಡುವುದಿಲ್ಲ ಎಂದಷ್ಟೇ ಹೇಳಬಲ್ಲೆ.

ನ್ಯೂಜಿಲೆಂಡಿನದು ಬೇರೆ. 2021ರ ಡಿಸೆಂಬರಿನಲ್ಲಿ ಒಬ್ಬ ತಂದೆ ಮೂರು ಮಕ್ಕಳೊಂದಿಗೆ ಕಾಡು ಸೇರಿದ. ಹತ್ತಿರ ಹತ್ತಿರ ನಾಲ್ಕು ವರ್ಷ ಪೊಲೀಸರಿಗೆ ಸಿಗಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಗುಂಡಿನ ಚಕಮಕಿಯಲ್ಲಿ ಆತ ಸತ್ತ ದಿನವೇ ಮಕ್ಕಳು ಜೀವಂತ ಸಿಕ್ಕರು. ಈ ಸುದ್ದಿಯನ್ನು ಸಣ್ಣಮ್ಮನಿಗೆ ಓದಿ ಹೇಳಿದೆ. ಮಕ್ಕಳಿಗೆ ತಾಯಿಯ ಗುರುತು ಸಿಕ್ಕಿತಾ ಎಂದು ಕೇಳಿದಳು.

ಆಕೆ ಕುರುಗೋಡು ಬಿಟ್ಟು ಬಳ್ಳಾರಿಗೆ ಬಂದದ್ದು 2001ರಲ್ಲಿ. ಊರಲ್ಲಿ ಕಂಡಕಂಡವರೆಲ್ಲ ಏನಾದ್ರೂ ಗೊತ್ತಾತಾ ಎಂದು ಕೇಳುವುದು ಸಾಕಾಗಿತ್ತು. ಜೀನ್ಸ್ ಹೊಲಿಯುವ ಒಂದು ಘಟಕದಲ್ಲಿ ಸೇರಿದಳು. ಬಳ್ಳಾರಿ ಜೀನ್ಸಿಗೆ ಹೆಸರಾದ ಊರು, ಓಣಿ ಓಣಿಯಲ್ಲಿ ಹೊಲಿಗೆ, ಗುಂಡಿ ಹಚ್ಚುವುದು, ದಾರ ಕತ್ತರಿಸುವುದು ನಡೆಯುತ್ತದೆ. ಮೊದಲು ದಾರ ಕತ್ತರಿಸಿದಳು, ಆಮೇಲೆ ಮೆಷಿನ್ನಿಗೆ ಕೂತಳು. ಇಪ್ಪತ್ತು ವರ್ಷ ಹೊಲಿದಳು. ಹುಡುಗರ ಸೈಜಿನ ಪ್ಯಾಂಟುಗಳನ್ನು ಹೊಲಿಯುವಾಗ ಇಷ್ಟೊತ್ತಿಗೆ ಅವನಿಗೆ ಇದು ಬರುತ್ತಿತ್ತು ಎಂದು ಅಂದಾಜು ಮಾಡುತ್ತಿದ್ದಳಂತೆ. ಇಪ್ಪತ್ತೆಂಟು ಇಂಚು, ಮೂವತ್ತು ಇಂಚು, ಮೂವತ್ತೆರಡು. ಈಗ ಕಣ್ಣು ಮಂಜು, ಮೆಷಿನ್ನು ಬಿಟ್ಟಿದ್ದಾಳೆ.

ಹೋಳಿ ಹುಣ್ಣಿಮೆಗೆ ಕುರುಗೋಡಿನ ದೊಡ್ಡಬಸವೇಶ್ವರನ ತೇರಿಗೆ ಮಾತ್ರ ತಪ್ಪಿಸುವುದಿಲ್ಲ. ಆ ದೊಡ್ಡ ಏಕಶಿಲೆಯ ಬಸವಣ್ಣನಿಗೆ ಕೈ ಮುಗಿಯುವುದು ಎರಡು ನಿಮಿಷದ ಕೆಲಸ, ಉಳಿದ ಹೊತ್ತೆಲ್ಲ ತೇರಿನ ಬೀದಿಯ ಒಂದು ಕಟ್ಟೆಯ ಮೇಲೆ ಕೂತು ಜನರನ್ನು ನೋಡುತ್ತಾಳೆ. ದೂರದ ಊರಿಗೆ ಹೋದವರು ಜಾತ್ರೆಗಾದರೂ ಬರುತ್ತಾರಲ್ಲ. ಸುಳ್ಳು ಸುದ್ದಿಗಳೂ ಬಂದಿವೆ. ಗುಂಟೂರಿನ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಆತನನ್ನು ನೋಡಿದೆ ಎಂದು ಒಬ್ಬರು, ಇಚಲಕರಂಜಿಯಲ್ಲಿ ಎಂದು ಇನ್ನೊಬ್ಬರು. ಮಾಮ ಎರಡೂ ಕಡೆ ಹೋಗಿ ಬಂದರು. ಕೈಯಲ್ಲಿದ್ದದ್ದು 1994ರಲ್ಲಿ ಬಳ್ಳಾರಿಯ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ. ಅದರಲ್ಲಿ ಹುಡುಗಿಯ ಮುಂದಿನ ಹಲ್ಲು ಬಿದ್ದಿದೆ, ಹುಡುಗ ಪ್ಲಾಸ್ಟಿಕ್ ಫೋನು ಹಿಡಿದಿದ್ದಾನೆ. ಗುಂಟೂರಿನಲ್ಲಿ ಫೋಟೋ ನೋಡಿದ ಹಮಾಲಿಯೊಬ್ಬ, ಅಣ್ಣಾ, ಈ ಮಕ್ಕಳಿಗೆ ಈಗ ಮಕ್ಕಳಾಗಿರ್ತಾವೆ ಎಂದನಂತೆ.

ಸರ್ಕಾರದ ಕಾಗದಗಳಲ್ಲಿ ಆ ಇಬ್ಬರು ಬಹಳ ಕಾಲ ಆಕೆಯ ರೇಷನ್ ಕಾರ್ಡಿನಲ್ಲಿ ಉಳಿದಿದ್ದರು. ತಾತ ಯಾವಾಗಲೋ ಸೇರಿಸಿದ್ದ ಹೆಸರುಗಳು. ಇ-ಕೆವೈಸಿ ಬಂದಾಗ ನ್ಯಾಯಬೆಲೆ ಅಂಗಡಿಯವನು ಕೇಳಿದ: "ಅಮ್ಮಾ, ಇವ್ರಿಬ್ರನ್ನ ಕರ್ಕಂಡು ಬಂದು ಹೆಬ್ಬೆಟ್ಟು ಕೊಡ್ಸು." "ಬರ್ಲಿ, ಕೊಡಿಸ್ತೀನಿ" ಅಂದಳು. ಹೆಬ್ಬೆಟ್ಟು ಬರಲಿಲ್ಲ, ಹೆಸರು ಹೋದವು. ಕೋರ್ಟು ಮಾಡದ್ದನ್ನು, ಏಳು ವರ್ಷದ ಕಲಮು ಮಾಡದ್ದನ್ನು ಒಂದು ಸಣ್ಣ ಯಂತ್ರ ಮಾಡಿಬಿಟ್ಟಿತು. ಆ ದಿನ ಆಕೆ ಊಟ ಮಾಡಲಿಲ್ಲ.

ಈಗ ಮಕ್ಕಳನ್ನು ಹೀಗೆ ಮರೆಸುವುದು ಅಷ್ಟು ಸುಲಭವಲ್ಲ. ನಮ್ಮ ಶಾಲೆಗಳಲ್ಲಿ ಒಂದನೇ ತರಗತಿಗೆ ಸೇರಿದ ಮಗುವಿಗೆ ಎಸ್‌ಎಟಿಎಸ್ ಸಂಖ್ಯೆ ಬರುತ್ತದೆ, ಶಾಲೆ ಬಿಟ್ಟರೂ ಸಂಖ್ಯೆ ಬೆನ್ನು ಬಿಡುವುದಿಲ್ಲ. ಆಗ ಟಿಸಿ ಇಲ್ಲದೆ ಬಂದ ಮಗುವನ್ನು ಒಂದು ಅಫಿಡವಿಟ್ ತೆಗೆದುಕೊಂಡು ಯಾವ ಹೆಸರಿಗಾದರೂ ಸೇರಿಸಿಕೊಳ್ಳುತ್ತಿದ್ದರು. ನಮ್ಮ ಹುಡುಗಿಯ ಟಿಸಿ ಕೇಳಿ ಯಾವ ಊರಿನಿಂದಲಾದರೂ ಕಾಗದ ಬಂದೀತೆಂದು ಅವಳ ಹೆಡ್‌ಮಾಸ್ತರು ಮೂರು ವರ್ಷ ಕಾದರು, ಬರಲಿಲ್ಲ. ಆದರೆ ಜಗಳ ಕಡಿಮೆಯಾಗಿಲ್ಲ. ನಮ್ಮ ಶಾಲೆಯ ಗೇಟಿಗೆ ವರ್ಷಕ್ಕೆ ಒಂದಾದರೂ ಇಂಥದ್ದು ಬರುತ್ತದೆ. ತಾಯಿ ಬಂದು, ಅವ್ರಪ್ಪ ಬಂದ್ರ ಕಳಿಸ್ಬ್ಯಾಡ್ರಿ ಟೀಚರ್ ಎನ್ನುತ್ತಾಳೆ. ಮಧ್ಯಾಹ್ನ ತಂದೆ ಬಿಸ್ಕತ್ತಿನ ಪ್ಯಾಕೆಟ್ ಹಿಡಿದು, ನನ್ ಮಗನ್ನ ನಾನು ನೋಡಬಾರ್ದೇನ್ರಿ ಎನ್ನುತ್ತಾನೆ. ಇಬ್ಬರ ಮುಖದಲ್ಲೂ ಸುಳ್ಳಿರುವುದಿಲ್ಲ. ಹಕ್ಕು ಯಾರದು ಎಂಬ ಪ್ರಶ್ನೆಗಿಂತ ಮಗುವಿನ ಹಿತ ಯಾವುದು ಎಂಬುದೇ ಮುಖ್ಯ ಎಂದು 1956ರ ಕಾಯ್ದೆಯೇ ಹೇಳುತ್ತದೆ. ಇಬ್ಬರೂ ಸೇರಿ ಸಾಕುವ ಜಂಟಿ ಸುಪರ್ದಿಗೆ ಕಾನೂನಿನಲ್ಲಿ ಜಾಗ ಮಾಡಿಕೊಡಿ ಎಂದು ಕಾನೂನು ಆಯೋಗ 2015ರಲ್ಲಿ ಶಿಫಾರಸು ಮಾಡಿತು. ಪಾಲಕರೇ ಗಡಿ ದಾಟಿಸಿ ಒಯ್ದ ಮಕ್ಕಳ ಬಗ್ಗೆ 1980ರಲ್ಲೇ ಹೇಗ್ ಒಪ್ಪಂದವಾಗಿದೆ, ಭಾರತ ಅದಕ್ಕೆ ಸೇರಿಲ್ಲ. ಗೇಟಿನಲ್ಲಿ ನಿಂತಾಗ ಇವು ಯಾವುವೂ ನೆರವಿಗೆ ಬರುವುದಿಲ್ಲ. ಆಗ ನಾನು ನೋಡುವುದು ಮಗುವಿನ ಮುಖವನ್ನು, ಅದು ಯಾರ ಕಡೆ ನೋಡುತ್ತಿದೆ ಎಂದಲ್ಲ, ಯಾರ ಕಡೆ ನೋಡಲ್ಲ ಎಂದು.

ಮಕ್ಕಳಿಗೆ ಆತ ಏನು ಹೇಳಿರಬಹುದು ಎಂಬುದು ನಮ್ಮ ಮನೆಯಲ್ಲಿ ಮುಗಿಯದ ಮಾತು. ತಾಯಿ ಸತ್ತಳು ಎಂದಿರಬೇಕು ಎನ್ನುತ್ತಾಳೆ ಅಮ್ಮ. ಬಿಟ್ಟು ಹೋದಳು ಎಂದಿರಬೇಕು ಎನ್ನುತ್ತಾರೆ ಮಾಮ. ಮಗ ನಾಲ್ಕರವನು, ಏನು ಹೇಳಿದರೂ ನಂಬಿರುತ್ತಾನೆ. ಮಗಳು ಏಳರವಳು. ಏಳು ವರ್ಷದ ಮಗುವಿಗೆ ಊರಿನ ಹೆಸರು ಗೊತ್ತಿರುತ್ತದೆ, ತಾತನ ಹೆಸರು ಗೊತ್ತಿರುತ್ತದೆ. ಬಸವಣ್ಣನ ಗುಡಿ ಮರೆಯುವಂಥದ್ದಲ್ಲ. ನನ್ನ ತರಗತಿಯ ಮಕ್ಕಳನ್ನು ನೋಡಿ ಹೇಳುತ್ತಿದ್ದೇನೆ, ಏಳು ವರ್ಷದ ಮಗು ಮರೆಯುವುದಿಲ್ಲ, ಮರೆತಂತೆ ಇರಲು ಕಲಿಯುತ್ತದೆ. ಅವಳು ಎಲ್ಲಿದ್ದರೂ ಅವಳಿಗೆ ಅಪ್ಪನೇ ಇಡೀ ಜಗತ್ತಾಗಿ ಉಳಿದವನು. ಆತನ ಮಾತು ಸುಳ್ಳೆಂದು ತಿಳಿಯುವುದೆಂದರೆ ಅವಳಿಗೆ ಉಳಿದಿರುವ ಒಬ್ಬನನ್ನೂ ಕಳೆದುಕೊಳ್ಳುವುದು. ದೊಡ್ಡವರಾದ ಮೇಲೂ ಅವರು ಯಾಕೆ ಬರಲಿಲ್ಲ ಎಂದು ಕೇಳುವವರಿಗೆ ನನಗೆ ತೋಚುವ ಉತ್ತರ ಇದು. ಸಣ್ಣಮ್ಮನಿಗೆ ಈ ಉತ್ತರ ಹಿಡಿಸುವುದಿಲ್ಲ. ಬಸ್ ಚಾರ್ಜಿಗೆ ರೊಕ್ಕ ಇರಕಿಲ್ಲ ಎನ್ನುತ್ತಾಳೆ.

ಕಳೆದ ವರ್ಷ ತಾತನ ಆಸ್ತಿ ಭಾಗವಾಯಿತು. ಹೆಣ್ಣುಮಕ್ಕಳಿಗೂ ಸಮಪಾಲು ಎಂದು 2005ರಲ್ಲೇ ಕಾನೂನು ಬಂದರೂ ನಮ್ಮಲ್ಲಿ ಭಾಗ ಆದದ್ದು ಈಗ. ಮಾಮ ಜಗಳ ತೆಗೆಯಲಿಲ್ಲ, ಅದನ್ನು ಹೇಳಬೇಕು. ಸಣ್ಣಮ್ಮನಿಗೆ ಕುರುಗೋಡಿನ ಹತ್ತಿರ 1 ಎಕರೆ 60 ಸೆಂಟ್ಸ್ ಬಂತು, ಕಾಲುವೆ ನೀರಿನ ಹೊಲ. ಬಂದ ವಾರವೇ ವಿಲ್ ಬರೆಸಬೇಕು ಎಂದಳು, ಎರಡೂ ಮಕ್ಕಳ ಹೆಸರಿಗೆ, ಸಮಪಾಲು. ಪತ್ರ ಬರಹಗಾರ ಹೆಸರು ಬರೆದುಕೊಂಡ. ವಯಸ್ಸು ಕೇಳಿದ. "ಮೂವತ್ತಾರು, ಮೂವತ್ಮೂರು" ಎಂದಳು, ಯೋಚಿಸದೆ. ಆಧಾರ್? ಇಲ್ಲ. ಹಾಲಿ ವಾಸ? ಬರಹಗಾರ ಪೆನ್ನು ಕೆಳಗಿಟ್ಟ.

ಕೊನೆಗೆ ಬಳ್ಳಾರಿಯ ವಕೀಲೆಯೊಬ್ಬರು ಬರೆದುಕೊಟ್ಟರು. ಕಾನೂನಿಗೆ ವಿಳಾಸವೇ ಬೇಕೆಂದಿಲ್ಲ, ಇಂಥವರು ಎಂದು ಗುರುತು ಸಿಗುವಂತಿದ್ದರೆ ಸಾಕು ಎಂದರು. ಹಾಗಾಗಿ ಆ ವಿಲ್ಲಿನಲ್ಲಿ ಒಂದು ಪುಟ ಬರೀ ಗುರುತುಗಳಿವೆ. ಮಗಳ ಎಡ ಮೊಣಕೈ ಕೆಳಗೆ ಬಿಸಿ ಹಾಲು ಬಿದ್ದ ಕಲೆ, ರೂಪಾಯಿ ನಾಣ್ಯದಷ್ಟು. ಮಗನ ಬಲಗಾಲಿನ ಎರಡನೇ ಬೆರಳು ಹೆಬ್ಬೆರಳಿಗಿಂತ ಉದ್ದ. ಇಬ್ಬರೂ ಹುಟ್ಟಿದ ಆಸ್ಪತ್ರೆ, ದಿನ, ಗಳಿಗೆ. ಮಗಳನ್ನು ಮನೆಯಲ್ಲಿ ಕರೆಯುತ್ತಿದ್ದ ಹೆಸರು, ಅದನ್ನು ಹೊರಗಿನವರು ಹೇಳಲಾರರು. ಬೇಕಾದರೆ ಡಿಎನ್‌ಎ ತಾಳೆ ನೋಡಬಹುದು ಎಂದು ವಕೀಲೆ ಸೇರಿಸಿದರು.

ಒಂದು ಕಡೆ ಮಾತ್ರ ಕೆಲಸ ನಿಂತಿತು. ಅವರು ಬರದಿದ್ದರೆ ಆಸ್ತಿ ಯಾರಿಗೆ, ಎಷ್ಟು ವರ್ಷ ಕಾಯಬೇಕು, ಅದನ್ನು ಬರೆಯಲೇಬೇಕು ಎಂದರು ವಕೀಲೆ. ಬರೆಯದಿದ್ದರೆ ಮುಂದೆ ತಕರಾರು ಬರುತ್ತದೆ. ಸಣ್ಣಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಏಳು ಅಂತ ಬರೀಬ್ಯಾಡ್ರಿ ಎಂದಳು ಮೊದಲು. ಆಮೇಲೆ ನನ್ನ ಕಡೆ ತಿರುಗಿ ನನ್ನ ವಯಸ್ಸು ಕೇಳಿದಳು. ನಲವತ್ತೈದು ಎಂದೆ. "ಇನ್ನ ಇಪ್ಪತ್ತೈದು ಬರೀರಿ" ಎಂದಳು ವಕೀಲೆಗೆ.

ವಿಲ್ಲನ್ನು ಜಾರಿಗೆ ತರುವ ಜವಾಬ್ದಾರಿ ನನ್ನ ಹೆಸರಿಗಿದೆ. ಹೊಲವನ್ನು ಗುತ್ತಿಗೆಗೆ ಕೊಟ್ಟಿದೆ. ಗುತ್ತಿಗೆಯ ದುಡ್ಡಿನಲ್ಲಿ ಸಣ್ಣಮ್ಮ ತನ್ನ ಔಷಧಿಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಬ್ಯಾಂಕಿಗೆ ಹಾಕಲು ಹೇಳಿದ್ದಾಳೆ. ಮೊದಲ ಬೆಳೆಯ ಹಣ ಬಂದು ಜಮಾ ಆಯಿತು. ಪಾಸ್‌ಬುಕ್ಕನ್ನು ಆ ಸ್ಟುಡಿಯೋ ಫೋಟೋ ಇರುವ ಡಬ್ಬಿಯಲ್ಲೇ ಇಟ್ಟಿದ್ದಾಳೆ, ಬೀಗದ ಕೈ ಎರಡು ಮಾಡಿಸಿ ಒಂದನ್ನು ನನಗೆ ಕೊಟ್ಟಳು.